ಮೂರು ಸಲ ಕೀಂ

ಗುಂಡಿ ಒತ್ತಿದರೆ ಮೂರು ಸಲ ಕೀಂ ಅಂದು
ಕಪ್ಪಗೆ ಕೂತುಬಿಡುತ್ತದೆ.
"ಬಾಯಿಬಿಟ್ಟು ಹೇಳ್ತಿದೆಯಲ್ಲೋ ಫೈರೋಜ, ಎಣಿಸಿದ್ಯಾ?"
ಅಂದರು ಗಂಗಾಂಬಿಕೆ ಮಿಸ್,
ಕಡೂರು ಸ್ಟೇಷನ್ ರಸ್ತೆಯ ಮಹಡಿಯಲ್ಲಿ
ಹನ್ನೆರಡು ಟೈಪ್‌ರೈಟರ್ ಕುಟ್ಟಿಸುತ್ತಿದ್ದವರು,
ನನ್ನನ್ನು ಜೂನಿಯರ್‌ಗೆ ಎರಡು ಸಲ ಕೂರಿಸಿದವರು.

ಮೂರೆಂದರೆ ನೆನಪಿನ ಪಟ್ಟಿ.
ವೈರು ಕಿತ್ತೆ. ಕಿಟಕಿಯ ಸರಳು ಮುಟ್ಟಿ
ಮೈಯ ಕರೆಂಟು ಇಳಿಸಿ ತಗಡು ಬಿಚ್ಚಿದೆ:
ರಾಗಿಹಿಟ್ಟು ಜರಡಿ ಹಿಡಿದಂತೆ ಧೂಳು,
ಫ್ಯಾನಿನ ಸಂದಿಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ.
ಊದಹೋದೆ. "ಎಂಜಲು!" ಅಂದರು,
ಮೊಮ್ಮಗಳ ಬಣ್ಣದ ಬ್ರಷ್ ಕೊಟ್ಟರು.

ಪಟ್ಟಿಯ ಚಿನ್ನದ ಹಲ್ಲು ಕಂದಿತ್ತು.
ಉಜ್ಜಲು ಮೇಜಿನಿಂದ ಗುಂಡು ರಬ್ಬರೆತ್ತಿಕೊಂಡೆ,
ಅದೇ ಹಳೇದು, ಬಾಲಕ್ಕೆ ಬ್ರಷ್ ಇರುವುದು.
"ಅದು ಬೇಡ. ಮರಳಿದೆ ಅದರಲ್ಲಿ.
ನಿನ್ನ ತಪ್ಪುಗಳಿಗೆ ಅದೇ ಆಗಬೇಕಿತ್ತು,
ಕಾಗದ ತೂತಾದರೂ ಸರಿ.
ಇದಕ್ಕೆ ಪೆನ್ಸಿಲ್ಲಿನದು ಸಾಕು."
ಎರಡೂ ಬದಿ ಮೆಲ್ಲಗೆ ಒರೆಸಿ, ಪುಡಿ ಕೊಡವಿ,
ಟಕ್ ಅನ್ನುವವರೆಗೂ ಒತ್ತಿದೆ.

ಒಂದೇ ಕೀಂ. ಬೆಳಕು.

ಅಕ್ಷರ ದೊಡ್ಡದು ಮಾಡಿಕೊಟ್ಟೆ,
ಕಣ್ಣು ಚುಚ್ಚುವ ಬಿಳಿಯನ್ನು ತುಸು ಹಳದಿಗೆ ತಂದೆ.
ದುಡ್ಡು ಬೇಡವೆಂದದ್ದು ಅವರಿಗೆ ಕೇಳಿಸಲಿಲ್ಲ.
ಕೀಲಿಮಣೆ ತಡವುತ್ತಿದ್ದರು:
"ಎಫ್ ಮೇಲಿನ ಗೆರೆ ಸವೆದುಹೋಗಿದೆ ಕಣೋ,
ಬೆರಳಿಗೆ ಮನೆ ಸಿಗ್ತಿಲ್ಲ."
ಕನ್ನಡಿಯ ಅಂಚಿನಿಂದ ಸಾಸಿವೆಯಷ್ಟು ಬಿಂದಿ ಕಿತ್ತು
ಎಫ್‌ಗೊಂದು ಅಂಟಿಸಿದರು, ಜೆಗೊಂದು.
ಆಮೇಲೆ ನನ್ನ ಕಡೆ ನೋಡುತ್ತಲೇ
ಬಡಿಯತೊಡಗಿದರು.