ಮೂವತ್ತೇಳು ಮನೆ

ನನ್ನ ಕೋಟಿನ ಜೇಬುಗಳನ್ನು ಹೊಲಿದುಬಿಟ್ಟಿದ್ದಾರೆ.
ಗೋಡೆಯ ಮೇಲೆ ಬರೆದ ಬಾಗಿಲಿನ ಹಾಗೆ, ಇವೆ, ತೆರೆಯುವುದಿಲ್ಲ.
ಹತ್ತೊಂಬತ್ತು ಚಳಿಗಾಲ ಹೀಗೇ ನಿಂತಿದ್ದೇನೆ
ಮಾರ್ ದೆಲ್ ಪ್ಲಾತಾದಲ್ಲಿ, ಕಡಲಿಗೆ ಬೆನ್ನು ಹಾಕಿ,
ಚಕ್ರವನ್ನು ಒಂದು ದಿಕ್ಕಿಗೆ, ಗುಂಡನ್ನು ಇನ್ನೊಂದಕ್ಕೆ ಬಿಡುತ್ತ.

ಜುಲೈ ಬಂತೆಂದರೆ ದೋನ್ ಇಲ್ದೆಫೊನ್ಸೊ ಬರುತ್ತಾರೆ,
ನಿವೃತ್ತ ಗಣಿತದ ಮೇಷ್ಟ್ರು. ಹೀಟರಿನ ಗ್ಯಾಸ್ ಬಿಲ್ಲು
ಪಿಂಚಣಿಯ ಮೂರರಲ್ಲಿ ಒಂದು ಪಾಲು ನುಂಗುತ್ತದಂತೆ.
ಇಲ್ಲಿ ಬೆಚ್ಚಗಿದೆ. ಗಂಟೆಗೆ ಹತ್ತೇ ಸಲ,
ನೂರು ಪೆಸೊದ ಬಿಲ್ಲೆ ಒಂದೊಂದೇ, ಕೆಂಪಿಗೆ.
"ಸರಾಸರಿ ಗಂಟೆಗೆ ಇಪ್ಪತ್ತೇಳು ಪೆಸೊ ಬಾಡಿಗೆ, ಸೆನ್ಯೋರಾ.
ದೀಪ, ಕುರ್ಚಿ, ನಿಮ್ಮ ಮುಖ, ಎಲ್ಲ ಸೇರಿ."

ಹೊಸಬರು ಕೂತರೆ ಪಾಠ ಅವರದೇ.
ನಾನು ಕೇಳಿಸದವಳ ಹಾಗೆ ಬಿಲ್ಲೆ ಜೋಡಿಸುತ್ತೇನೆ.
ಒಂಟಿ ಅಂಕಿಗೆ ಕಟ್ಟಿದರೆ ಒಂದಕ್ಕೆ ಮೂವತ್ತೈದು,
ಎರಡರ ನಡುಗೆರೆಗೆ ಹದಿನೇಳು, ನಾಲ್ಕರ ಮೂಲೆಗೆ ಎಂಟು,
ಡಜನ್ನಿಗೆ ಎರಡು, ಕೆಂಪು ಕಪ್ಪಿಗೆ ಸರಿಸಮ ಒಂದು.
"ಧಾರಾಳ ಅನ್ನಿಸುತ್ತದೆ, ಅಲ್ಲವೆ? ಎಣಿಸಿ.
ರೊಟ್ಟಿ ಹೇಗೆ ಕತ್ತರಿಸಿದರೂ ತುಂಡು ಮೂವತ್ತಾರು.
ಬಾಯಿ ಮೂವತ್ತೇಳು."
ಆಮೇಲೆ ಹಸಿರು ಸೊನ್ನೆಯ ಮೇಲೆ ಬೆರಳಿಟ್ಟು:
"ಮೂವತ್ತಾರು ಮನೆಯಲ್ಲಿ ನಾವು ನೆಂಟರು.
ಮನೆ ಕಟ್ಟಿದವನು ಇದರಲ್ಲಿ ಮಲಗುತ್ತಾನೆ."

ತಾಂದಿಲ್‌ನಿಂದ ಬಂದ ಲಿಸಾಂದ್ರೊ, ಹೊಸ ಮದುಮಗ,
ಕೇಳಿಸಿಕೊಂಡ, ತಲೆಯಾಡಿಸಿದ, ಕೆಂಪಿಗೆ ನೂರು ಇಟ್ಟ.
ಕಪ್ಪು. ಇನ್ನೂರು. ಕಪ್ಪು. ನಾನೂರು, ಎಂಟುನೂರು.
ಇಷ್ಟು ಕಪ್ಪು ಬಂದ ಮೇಲೆ ಕೆಂಪು ಬರಲೇಬೇಕಲ್ಲ
ಎಂದು ಹೆಂಡತಿಯ ಕಿವಿಯಲ್ಲಿ ಅಂದ. ಗುಂಡಿಗೆ ಕಿವಿಯಿಲ್ಲ.
ಏಳನೆಯದಕ್ಕೆ ಆರು ಸಾವಿರದ ನಾನೂರು. ಕಪ್ಪು.
ಇನ್ನೊಮ್ಮೆ ದುಪ್ಪಟ್ಟು ಮಾಡಲು ಮೇಜಿನ ಮಿತಿ ಬಿಡದು,
ಜೇಬೂ ಬಿಡಲಿಲ್ಲ.
ಎಂಟನೆಯದು ಕೆಂಪೇ ಬಂತು.
ಯಾರೂ ನಗಲಿಲ್ಲ. ಮೇಷ್ಟ್ರು ಅವನಿಗೊಂದು ಕಾಫಿ ಹೇಳಿದರು.

ಇಲ್ಲಿಯವರಿಗೆ ಅಂಕಿಗೂ ಅಡ್ಡಹೆಸರುಂಟು:
ಹದಿನಾಲ್ಕು ಕುಡುಕ, ಹದಿನೈದು ಚೆಲುವಿ, ಇಪ್ಪತ್ತೆರಡು ಹುಚ್ಚ.
ಕನಸಿನಲ್ಲಿ ಕುಡುಕ ಕಂಡರೆ ಬೆಳಗಾಗೆದ್ದು ಹದಿನಾಲ್ಕಕ್ಕೆ ಕಟ್ಟುವುದು.
ಮೇಷ್ಟ್ರಿಗೆ ಕನಸಿನ ಮೇಲೆ ನಂಬಿಕೆಯಿಲ್ಲ.
ಆದರೆ ಆ ಗುರುವಾರ ಅವರ ಕೈ ನಡುಗಿತು,
ಬಿಲ್ಲೆ ಉರುಳಿ ಇಪ್ಪತ್ತೆರಡರ ಮೇಲೆ ಮಗುಚಿತು.
ಎತ್ತಿಕೊಳ್ಳುವಷ್ಟರಲ್ಲಿ "ನೋ ವಾ ಮಾಸ್" ಎಂದಿದ್ದೆ,
ನನ್ನ ಬಾಯಿಗೆ ಅದು ಅಭ್ಯಾಸ.

ಟಕ್ಕ, ಟಕ್ಕ, ಒಂಬತ್ತನ್ನು ದಾಟಿ,
ಹದಿನೆಂಟರ ಹೊಸ್ತಿಲು ತಟ್ಟಿ ಹಿಂದಕ್ಕೆ,
ಹುಚ್ಚನ ಮನೆ.

ಮೂವತ್ತೈದು ಬಿಲ್ಲೆ ಅವರ ಮುಂದೆ ದೂಡಿದೆ.
ಎಣಿಸಿದರು. ಮತ್ತೆ ಎಣಿಸಿದರು.
"ನ್ಯಾಯವಾಗಿ ಮೂವತ್ತಾರು. ಗೆದ್ದಾಗಲೂ ಮುರಿದುಕೊಳ್ಳುತ್ತೀರಿ.
ಒಂದು ಬಾಕಿ, ಸೆನ್ಯೋರಾ."
ನಕ್ಕರು ಅನ್ನಿಸಿತು. ಕನ್ನಡಕದಲ್ಲಿ ದೀಪವಿತ್ತು, ಸರಿಯಾಗಿ ಕಾಣಲಿಲ್ಲ.
ಮರುವಾರ ಬರಲಿಲ್ಲ. ಅದರ ಮರುವಾರವೂ.
ಮೂರೂವರೆ ಸಾವಿರಕ್ಕೆ ಎಷ್ಟು ದಿನದ ಗ್ಯಾಸ್ ಬರುತ್ತದೆ?
ಕೇಳಲು ಅವರ ಮನೆ ನನಗೆ ಗೊತ್ತಿಲ್ಲ.

ಚಕ್ರಕ್ಕೆ ನಿನ್ನೆಯಿಲ್ಲ ಎಂದು ಅವರೇ ಹೇಳುತ್ತಿದ್ದರು.
ನಾನು ಚಕ್ರವಲ್ಲ.

ಬೆಳಗಿನ ಜಾವ ಐದು. ಬಂದರಿನಲ್ಲಿ ಕಡಲಸಿಂಹಗಳ ಕೂಗು,
ಅಂಗಿಯೊಳಗೆ ನುಗ್ಗುವ ಉಪ್ಪುಗಾಳಿ.
ಸುಲೆಮಾಳ ಬೇಕರಿಯಲ್ಲಿ ಮೊದಲ ಒಲೆ ಆಗಲೇ ತೆರೆದಿದೆ.
ಒಂದು ಡಜನ್ ಕೇಳುತ್ತೇನೆ.
ಹನ್ನೆರಡು ಎಣಿಸಿ ಹಾಕುತ್ತಾಳೆ,
ಆಮೇಲೆ ಎಣಿಸದೆ ಇನ್ನೊಂದು, ಕೊಸರು.
ಏಕೆ ಎಂದು ಇಷ್ಟು ವರ್ಷ ಕೇಳಿರಲಿಲ್ಲ.
ಇವತ್ತು ಕೇಳಿದೆ.
"ಏಕೆ ಎಂದರೆ?" ಅಂದಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

ಹದಿಮೂರನೆಯದನ್ನು ತಿನ್ನಲಿಲ್ಲ.
ಕಾಗದದಲ್ಲಿ ಸುತ್ತಿದೆ. ಇಡಲು ಜೇಬಿಲ್ಲ,
ಬಸ್ಸು ಬರುವವರೆಗೂ ಕೈಯಲ್ಲೇ ಹಿಡಿದಿದ್ದೆ, ಬಿಸಿಯಿತ್ತು.