ಏಳನೇ ಕಾಲಂ

ಚಿಂತಾಮಣಿ, ಬಿ.ಇಡಿ. ಕಾಲೇಜು, ಶನಿವಾರ ಮೂರು ಗಂಟೆ.
ಮುರುಗಮಲ್ಲದ ಶಾಲೆಯಲ್ಲಿ ಒಂದೇ ಪಾಠ ನೋಡಿ ಬಂದ ನಾಲ್ವರು
ಪೆನ್ಸಿಲಿನಲ್ಲಿ ಬರೆದ ನಾಲ್ಕು ಅಂಕ ಹಿಡಿದು ಕೂತಿದ್ದೇವೆ.

ಏಳನೇ ಕಾಲಂ: ವೃತ್ತಿ ಮನೋಧರ್ಮ. ಐದಕ್ಕೆ.

ಗಂಗರತ್ನ ಭಿನ್ನರಾಶಿ ಮಾಡುತ್ತಿದ್ದಳು.
ಸೀಬೆಹಣ್ಣು ಕೊಯ್ದು, ಇದೆಷ್ಟು? ಅಂದಳು.
ಜೂನ್‌ನಿಂದ ಬಾಯಿಬಿಡದ ಹಿಂದಿನ ಸಾಲಿನ ಹುಡುಗ
'ಸಗಮಕ್ಕಾ' ಅಂದ.
'ಹೂಂ, ಸಗಮೇ' ಅಂದು
ಬೋರ್ಡಿನ ಮೇಲೆ 'ಅರ್ಧ' ಬರೆದಳು.
ಹೋಳು ಅವನ ಕೈಗೇ ಹೋಯಿತು.

ಚಲಪತಿ ಸರ್ ಕೊಟ್ಟದ್ದು ಒಂದು:
ಕನ್ನಡ ಶಾಲೆಯಲ್ಲಿ ತೆಲುಗು. ಭಾಷಾ ಶಿಸ್ತಿಲ್ಲ.
ಗುಲ್ನಾಜ್ ಮೇಡಂ ಐದು.
'ಒಂದನೇ ಕ್ಲಾಸು ಪೂರ್ತಿ ಮೂಗಿಯಾಗಿದ್ದೆ ಸಾರ್ ನಾನು'
ಅಂದರು, ಅಷ್ಟೇ.
ಪ್ರಿನ್ಸಿಪಾಲರು ಮೂರು.
ನನ್ನದು ಮೂರೂವರೆ. ಆ ಅರೆ ಯಾಕೆಂದು
ಯಾರೂ ಕೇಳಲಿಲ್ಲ, ಸದ್ಯ.

'ಮನೋಧರ್ಮ ಕಣ್ಣಿಗೆ ಕಾಣುತ್ತಾ?'
'ನಡವಳಿಕೆಯಲ್ಲಿ ಕಾಣುತ್ತೆ.'
'ಯಾರು ನೋಡುವಾಗ?'

ಪಿಳ್ಳಣ್ಣ ಟೀ ತಂದ.
ಮಾತು ಆಗ 'ಇತರರ ಬಗ್ಗೆ ಗೌರವ'ಕ್ಕೆ ಬಂದು
ಬಿರುಸಾಗಿತ್ತು.
ಯಾರ ತಲೆಯೂ ಮೇಲೇಳಲಿಲ್ಲ, ನನ್ನದೂ.
ಕಾಗದಗಳ ನಡುವೆ ಜಾಗ ಹುಡುಕಿ ಹುಡುಕಿ
ಮೂರು ಲೋಟ ಇಟ್ಟ.
ಸಕ್ಕರೆಯಿಲ್ಲದ ನಾಲ್ಕನೆಯದನ್ನು
ಚಲಪತಿಯವರ ಎಡಗೈ ಹತ್ತಿರ, ಅವರು ಎಡಚರು.

ಲೋಟದ ತಳದ ಒದ್ದೆ ಉಂಗುರ
ಅವರ ಹಾಳೆಯ ಮೇಲೆ ಮೂಡಿತು.

ಒಂದು ಗುಟುಕು ಕುಡಿದರು.
ಯಾಕೋ ಬಾಗಿಲ ಕಡೆ ನೋಡಿದರು.
ಪಿಳ್ಳಣ್ಣ ಹೋಗಿಯಾಗಿತ್ತು.

'ಯಾರ ಹತ್ತಿರವಾದರೂ ರಬ್ಬರ್ ಇದೆಯಾ?'
ಅಂತ ಕೇಳಿದರು.