ಬಿಳಿದೊರೆಯ ಕನ್ನಡ

ಹಟ್ಟಿ ಕ್ಯಾಂಪಿನ ಬಸ್ ಸ್ಟ್ಯಾಂಡ್ ಹಿಂದೆ
ಚಾಂದಪಾಷಾನ ಸೈಕಲ್ ಅಂಗಡಿ.
ಪಂಕ್ಚರ್ ನೀರಿನ ಬಾನಿಯ ಮೇಲೊಂದು ಹಲಗೆ,
ಹಲಗೆ ತುಂಬ ಕಾದಂಬರಿ, ದಿನಕ್ಕೆ ಹತ್ತು ಪೈಸೆ.
ಸೈಕಲ್ಲಾದರೆ ತಾಸಿಗೆ ಇಪ್ಪತ್ತೈದು.
ನನಗೆ ಪೆಡಲು ಎಟಕುತ್ತಿರಲಿಲ್ಲ. ಪುಸ್ತಕ ಒಯ್ದೆ.

ರಟ್ಟಿನ ಮೇಲೆ ಆಫ್ರಿಕಾ.
ಅಲ್ಲಿ ಹುಲಿಯೇ ಇಲ್ಲವೆಂದು ತಿಳಿಯದ ಚಿತ್ರಕಾರ
ಹುಲಿ ಬರೆದು, ಅದರ ಮೇಲೆ ಬೂಟುಗಾಲಿಟ್ಟ
ಬಿಳಿದೊರೆಯನ್ನು ಬರೆದಿದ್ದ.
ಹಡಗು ಒಡೆದು ದಡ ಸೇರಿದವನು,
ಮೂರನೇ ಅಧ್ಯಾಯಕ್ಕೆ ಅವರ ದೇವರು,
ಐದನೆಯದಕ್ಕೆ ಅರಸ.
ಹೇಗೆಂದರೆ, ಕಿಸೆಯಲ್ಲಿ ಪಂಚಾಂಗವಿತ್ತು.
"ನಾಳೆ ಸೂರ್ಯನನ್ನು ನುಂಗುವೆನು" ಎಂದ. ನುಂಗಿದ.
ಸಾವಿರ ಜನ ಅಡ್ಡಬಿದ್ದರು.
ಸಾವಿರಕ್ಕೂ ಒಂದೇ ಮುಖ.

ಆ ವರ್ಷವೇ ಶಿವರಾತ್ರಿ ಅಮಾಸಿಗೆ
ನಮ್ಮೂರ ಸೂರ್ಯನಿಗೂ ಪೂರ್ತಿ ಹಿಡಿಯಿತು.
ಮಠದ ಚನ್ನಬಸಯ್ಯ ಹದಿನೈದು ದಿನ ಮೊದಲೇ
ಮನೆಮನೆಗೆ ಬಂದು ಗಳಿಗೆ ಹೇಳಿ ಹೋಗಿದ್ದ,
ಜೋಳಿಗೆಗೆ ಸೇರು ಜೋಳ ಹಾಕಿಸಿಕೊಂಡು.
ಯಾರೂ ಅವನಿಗೆ ಪಟ್ಟ ಕಟ್ಟಲಿಲ್ಲ.
ಕತ್ತಲಾಯಿತು, ಕೋಳಿ ಗೂಡು ಸೇರಿದವು,
ದ್ಯಾವಮ್ಮಾಯಿ ತಾಟಿನಲ್ಲಿ ಒನಕೆ ನಿಲ್ಲಿಸಿ ನೋಡುತ್ತ ಕೂತಳು.
ಅಪ್ಪ ಎರಡನೇ ಶಿಫ್ಟು, ಎರಡು ಸಾವಿರ ಅಡಿ ಕೆಳಗೆ.
ರಾತ್ರಿ ಬಂದು ಟೋಪಿ ಮೊಳೆಗೆ ಹಾಕುತ್ತ ಕೇಳಿದ:
"ಬಿಟ್ತೇನು?"

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ.
ಬಂಗಾರದ ಕಥೆಯೆಂದು ಓದಿ ಹೇಳಿದೆ.
ಬಿಳಿದೊರೆ ಮಾತಾಡಿದ, ಅಚ್ಚ ಪುಸ್ತಕದ ಕನ್ನಡ:
"ಎಲೈ ಸೇವಕನೇ, ಈ ಪೆಟ್ಟಿಗೆಯನ್ನು ಜಾಗರೂಕತೆಯಿಂದ ಹೊತ್ತು ನಡೆ."
ಕರಿಯ ಹೊರೆಯಾಳು ಕೈಮುಗಿದ:
"ಹೂನ್ರೀ ಧಣಿ. ನಾವು ಸತ್ರೂ ಬಿಡಂಗಿಲ್ರೀ."

ಅಲ್ಲಿಗೆ ನಾನು ನಿಂತೆ.
ಮೈಸೂರಲ್ಲೋ ಎಲ್ಲೋ ಕೂತು ಕನ್ನಡಕ್ಕೆ ತಂದವರು
ಆಫ್ರಿಕಾಕ್ಕೊಂದು ಮಾತು ಹುಡುಕುತ್ತ
ತುಂಗಭದ್ರೆ ದಾಟಿ ನಮ್ಮ ಓಣಿಗೆ ಬಂದಿದ್ದರೇ?
ಅವರ ರಾಣಿ "ಯಪ್ಪಾ" ಎಂದು ಅಳುತ್ತಿದ್ದಳು.
ಅವರ ಮಂತ್ರವಾದಿಯ ಬಾಯಲ್ಲಿ
ನಮ್ಮ ನಳದ ಕಟ್ಟೆಯ ಬೈಗುಳ.
ದೊರೆ ಮಾತ್ರ ಹೆಡ್‌ಮಾಸ್ತರರಂತೆ,
ಗಣಿ ಆಫೀಸಿನ ಕಿಟಕಿಯಾಚೆ ಕೂತವರಂತೆ.

ಹಗಲೆಲ್ಲ ಅವನೇ ಆಗಿದ್ದೆ ನಾನು.
ಗಿರಣಿಯ ಮರಳುಗುಡ್ಡ ಜಾರಿದರೆ ಮೈಯೆಲ್ಲ ಬಿಳಿ;
ಗದ್ದೆಪ್ಪ, ಮಾಬವ್ವ, ತಾಯಪ್ಪ, ಎಲ್ಲರೂ ಬಿಳಿ.
ಅಡ್ಡಬೀಳಲು ಒಬ್ಬರೂ ಉಳಿಯುತ್ತಿರಲಿಲ್ಲ,
ಅದಕ್ಕೇ ದಿನಾ ಜಗಳ.

ಅಪ್ಪ ಗೋಡೆಗೆ ಮುಖ ಮಾಡಿದ್ದ. ಕೆಮ್ಮು ತಡೆದು ಅಂದ:
"ಆ ಹೊರೆಯಾಳು ಯಾ ಊರಾಂವ?"
ಆಫ್ರಿಕಾ, ಅಪ್ಪ.
"ನಮ್ಮ ಕಡಿಯಾಂವ ಇದ್ದಂಗ ಅದಾನ. ಓದು."
ಬಂಗಾರ ಸಿಕ್ಕಿತು. ಗುಹೆ ಕುಸಿಯಿತು.
ಹನ್ನೊಂದು ಜನ ಒಳಗೇ ಉಳಿದರು, ಒಂದೇ ವಾಕ್ಯದಲ್ಲಿ.
ಮುಂದಿನ ಪ್ಯಾರಾದಲ್ಲಿ ದೊರೆ ಮೀಸೆಯ ಧೂಳು ಒರೆಸಿಕೊಂಡ.
ಅಪ್ಪ ಈಚೆ ಹೊರಳಿದ.
"ಪೆಟಗಿ ಹೊತ್ತಾಂವ?"
ಬದುಕ್ಯಾನ.
"ಪಗಾರ ಕೊಟ್ರೇನು?"

ಪುಟ ತಿರುವಿದೆ. ಹಿಂದಕ್ಕೆ, ಮುಂದಕ್ಕೆ.
ಕಡೆಯ ನಾಲ್ಕು ಹಾಳೆ ಇರಲಿಲ್ಲ;
ಚಾಂದಪಾಷಾ ಛರ್ರಾ ಕಟ್ಟಿಕೊಟ್ಟಿರಬೇಕು ಯಾರಿಗೋ.
"ಹರದಾವಪ್ಪ."
ಅಪ್ಪ ಕಂಬಳಿ ಎಳೆದುಕೊಂಡ.
"ಆ ಹಾಳ್ಯಾಗ ಕೊಟ್ಟಿರ್ತಾರ ಬಿಡು."